ಒಂದು ಸಾಲಿನಷ್ಟು ಧೈರ್ಯ ಸಾಕು: ನಾಚಿಕೆಯವರಿಗೆ ನಾವಿಕರ ಹಾಡು

ಐದನೆಯ ತರಗತಿಯಲ್ಲಿ ಪ್ರಾರ್ಥನೆಯ ಸಾಲಿನಲ್ಲಿ ನಿಂತಿದ್ದಾಗ ಮೇಷ್ಟ್ರೊಬ್ಬರು ಹತ್ತಿರ ಬಂದು, “ನೀನು ಬಾಯಿ ಮಾತ್ರ ಆಡಿಸು, ಸಾಕು” ಎಂದರು. ಗದರಲಿಲ್ಲ, ಮೆಲ್ಲಗೇ ಹೇಳಿದರು. ಆ ಮಾತು ಇಪ್ಪತ್ತೇಳು ವರ್ಷ ಗಂಟಲಿನಲ್ಲಿ ಕೂತಿತ್ತು. ಊರಿನ ಭಜನೆಯಲ್ಲಿ, ಮದುವೆಮನೆಯ ಸೋಬಾನೆಯಲ್ಲಿ, ಮಗುವನ್ನು ಮಲಗಿಸುವಾಗ ಕೂಡ ನಾನು ಬಾಯಿ ಮಾತ್ರ ಆಡಿಸುತ್ತಿದ್ದೆ.

ಕೆಲಸದ ನಿಮಿತ್ತ ಇಂಗ್ಲೆಂಡಿನ ನೈರುತ್ಯ ಕರಾವಳಿಯ ಬಂದರು ಪಟ್ಟಣವೊಂದಕ್ಕೆ ಬಂದ ಮೇಲೆ, ಒಂದು ಮಂಗಳವಾರ ಸಂಜೆ ಸಹೋದ್ಯೋಗಿಯೊಬ್ಬರು ಪಬ್ಬಿನ ಮಹಡಿಗೆ ಕರೆದುಕೊಂಡು ಹೋದರು. ಮೂವತ್ತು ಜನ ಇದ್ದರು. ವಾದ್ಯವಿಲ್ಲ, ಮೈಕ್ ಇಲ್ಲ, ವೇದಿಕೆಯಿಲ್ಲ. ಮೂಲೆಯಲ್ಲಿ ಕೂತಿದ್ದ ವಯಸ್ಸಾದವರೊಬ್ಬರು ಕೂತಲ್ಲಿಂದಲೇ ಒಂದು ಸಾಲು ಹಾಡಿದರು. ಇಡೀ ಕೋಣೆ ಅದಕ್ಕೆ ಉತ್ತರ ಕೊಟ್ಟಿತು. ಮೇಜಿನ ಮೇಲಿಟ್ಟಿದ್ದ ನನ್ನ ಅಂಗೈ ಕೆಳಗೆ ಮರ ನಡುಗಿತು. ಮೂರನೆಯ ಸುತ್ತಿಗೆ ನನ್ನ ಬಾಯಿಂದಲೂ ದನಿ ಹೊರಟಿತ್ತು. ಹೊರಟದ್ದು ನನಗೆ ಗೊತ್ತಾದದ್ದು ನಾಲ್ಕನೆಯ ಸುತ್ತಿನಲ್ಲಿ.

ನನ್ನಂತೆ ಬಾಯಿ ಮಾತ್ರ ಆಡಿಸುತ್ತಾ ಬಂದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾವಿಕರ ಕೆಲಸದ ಹಾಡುಗಳಿಗೆ ಇಂಗ್ಲಿಷಿನಲ್ಲಿ ‘ಶಾಂಟಿ’ ಎನ್ನುತ್ತಾರೆ. ಹಾಡಲು ಅಂಜುವವರಿಗೆ ಇವುಗಳಷ್ಟು ಒಗ್ಗುವ ಹಾಡುಗಳನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮೊದಲು, ಈ ಹಾಡು ಏಕೆ ಹೀಗಿದೆ ಎಂದು ತಿಳಿಯಿರಿ

19ನೆಯ ಶತಮಾನದ ಸರಕು ಹಡಗುಗಳಲ್ಲಿ ಆಳುಗಳು ಕಡಿಮೆ, ಹಾಯಿಗಳು ಭಾರಿ. ಹಾಯಿ ಕಟ್ಟಿದ ಅಡ್ಡಮರವನ್ನು ಮೇಲೇರಿಸಲು ಹತ್ತಾರು ಕೈಗಳು ಒಂದೇ ಕ್ಷಣದಲ್ಲಿ ಹಗ್ಗ ಎಳೆಯಬೇಕು. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಎಳೆದರೆ ಮರ ಅಲುಗುವುದಿಲ್ಲ. ಆ ಕ್ಷಣವನ್ನು ಎಲ್ಲರ ಮೈಗೂ ತಿಳಿಸುವುದೇ ಹಾಡಿನ ಕೆಲಸ. ಶಾಂಟಿಮ್ಯಾನ್ ಎಂಬ ಮುಂದಾಳು ಒಂದು ಸಾಲು ಹಾಡುತ್ತಿದ್ದ. ಆ ಹೊತ್ತಿನಲ್ಲಿ ಉಳಿದವರು ಉಸಿರು ಎಳೆದುಕೊಂಡು ಹಿಡಿತ ಸರಿಪಡಿಸಿಕೊಳ್ಳುತ್ತಿದ್ದರು. ಆಮೇಲೆ ಎಲ್ಲರೂ ಸೇರಿ ಸೊಲ್ಲು ಹೇಳುತ್ತಾ ಎಳೆಯುತ್ತಿದ್ದರು. ನಮ್ಮ ಜನಪದ ಹಾಡಿನಲ್ಲಿ ಹಿಂದಿನವರು ಹಿಡಿಯುವ ಸೊಲ್ಲು ಇದೆಯಲ್ಲ, ಇದೂ ಅದೇ. ಬ್ರಿಟನ್ನಿನ ರಾಜ ನೌಕಾಪಡೆಯ ಯುದ್ಧನೌಕೆಗಳಲ್ಲಿ ಆಳುಗಳಿಗೆ ಬರವಿರಲಿಲ್ಲ, ಅಲ್ಲಿ ಕೆಲಸ ಮೌನದಲ್ಲಿ ನಡೆಯಬೇಕಿತ್ತು. ಹಾಡು ಬೆಳೆದದ್ದು ಸರಕು ಹಡಗುಗಳಲ್ಲಿ, ಆಳು ಸಾಲದ ಕಡೆ. ಒಳ್ಳೆಯ ಹಾಡು ಹತ್ತು ಆಳಿಗೆ ಸಮ ಎಂಬ ಮಾತು ಆ ನಾವಿಕರಲ್ಲಿತ್ತು.

ರಾಗಿ ಬೀಸುವ ಪದ, ನಾಟಿ ಪದಗಳನ್ನು ಕೇಳಿ ಬೆಳೆದ ನಮಗೆ ಇದು ಅಪರಿಚಿತವಲ್ಲ. ಭಜನೆಯಲ್ಲೂ ಒಬ್ಬರು ಹೇಳಿಕೊಡುತ್ತಾರೆ, ಉಳಿದವರು ಹಾಡುತ್ತಾರೆ. ಆದರೆ ಒಂದು ವ್ಯತ್ಯಾಸವನ್ನು ಮೊದಲ ದಿನವೇ ಗಮನಿಸಿ. ಭಜನೆಯಲ್ಲಿ ಹೇಳಿಕೊಟ್ಟ ಸಾಲನ್ನೇ ತಿರುಗಿ ಹಾಡಬೇಕು. ಪ್ರತಿಸಲವೂ ಹೊಸ ಸಾಲನ್ನು ಹಿಡಿದುಕೊಳ್ಳುವ ಜವಾಬ್ದಾರಿ ಇರುತ್ತದೆ. ಶಾಂಟಿಯಲ್ಲಿ ಮುಂದಾಳಿನ ಸಾಲು ಬದಲಾಗುತ್ತಿರುತ್ತದೆ, ಗುಂಪಿನ ಸೊಲ್ಲು ಬದಲಾಗುವುದಿಲ್ಲ. ಮೂರೋ ನಾಲ್ಕೋ ಪದ, ಒಂದೇ ಧಾಟಿ, ಹಾಡು ಮುಗಿಯುವವರೆಗೆ ಹತ್ತು ಹದಿನೈದು ಸಲ. ಮೊದಲ ಸಲ ತಪ್ಪಿದರೆ ಎರಡನೆಯ ಸಲ ಇದೆ.

ಇನ್ನೊಂದು ಸಂಗತಿ ಇದಕ್ಕಿಂತ ದೊಡ್ಡದು. ಮುಂದಾಳು ಒಂಟಿಯಾಗಿ ಹಾಡುವುದು ಒಂದು ಸಾಲು, ನಾಲ್ಕೈದು ಸೆಕೆಂಡು. ಅಷ್ಟರಲ್ಲಿ ಕೋಣೆಯೆಲ್ಲ ಅವರ ಹಿಂದೆ ಬಂದು ನಿಲ್ಲುತ್ತದೆ. ಒಂದು ಕೀರ್ತನೆಯನ್ನೋ ಚಿತ್ರಗೀತೆಯನ್ನೋ ಹಾಡಲು ನಿಂತವರು ಐದು ನಿಮಿಷ ಒಂಟಿ. ಇಲ್ಲಿ ಧೈರ್ಯ ಬೇಕಾದದ್ದು ಒಂದು ಸಾಲಿನಷ್ಟು ಮಾತ್ರ.

ಎರಡನೆಯದು: ಒಂದು ತಿಂಗಳು ಕೇವಲ ಕೇಳಿ, ಆದರೆ ಆರಿಸಿ ಕೇಳಿ

2020ರ ಡಿಸೆಂಬರಿನಲ್ಲಿ ಸ್ಕಾಟ್ಲೆಂಡಿನ ಅಂಚೆಯವನೊಬ್ಬ, ನೇಥನ್ ಇವಾನ್ಸ್, ‘ವೆಲ್ಲರ್‌ಮನ್’ ಎಂಬ ಹಾಡನ್ನು ಟಿಕ್‌ಟಾಕ್‌ಗೆ ಹಾಕಿದ. ಜನವರಿಯ ಹೊತ್ತಿಗೆ ಲಾಕ್‌ಡೌನಿನಲ್ಲಿ ಕೂತ ಸಾವಿರಾರು ಅಪರಿಚಿತರು ತಂತಮ್ಮ ಮನೆಯಿಂದಲೇ ಅದಕ್ಕೆ ದನಿ ಸೇರಿಸಿದರು. ಬಹಳ ಮಂದಿ ಈ ಹಾಡುಗಳನ್ನು ತಿಳಿದದ್ದೇ ಆಗ. ಅಲ್ಲಿಂದ ಶುರು ಮಾಡಿದರೆ ತಪ್ಪೇನಿಲ್ಲ. ಅದು ನ್ಯೂಜಿಲೆಂಡಿನ ತಿಮಿಂಗಿಲ ಬೇಟೆಗಾರರ ಲೋಕದ ಹಾಡು. 1831ರಲ್ಲಿ ಒಟಾಗೊದಲ್ಲಿ ಬೇಟೆಯ ನೆಲೆ ಹೂಡಿದ ವೆಲ್ಲರ್ ಸಹೋದರರ ಹೆಸರು ಅದರಲ್ಲಿ ಉಳಿದಿದೆ. ಆದರೆ ಅದು ಕಥೆ ಹೇಳುವ ಹಾಡು, ಹಗ್ಗ ಎಳೆಯುವ ಹಾಡಲ್ಲ. ಶಾಂಟಿಯ ಒಳಗನ್ನು ತಿಳಿಯಲು ಕೆಲಸದ ಹಾಡನ್ನೇ ಕೇಳಬೇಕು.

ಅದಕ್ಕೆ ಒಂದು ಅಪರೂಪದ ದಾರಿ ಇದೆ. 1920ರ ದಶಕದ ಕೊನೆಯಲ್ಲಿ ಜೇಮ್ಸ್ ಮ್ಯಾಡಿಸನ್ ಕಾರ್ಪೆಂಟರ್ ಎಂಬ ಅಮೆರಿಕದ ವಿದ್ವಾಂಸ ಬ್ರಿಟನ್ನಿನ ಬಂದರುಗಳಲ್ಲಿ ಅಲೆದು, ಹಾಯಿ ಹಡಗುಗಳಲ್ಲಿ ದುಡಿದ ಮುದುಕರ ದನಿಯನ್ನು ಮೇಣದ ಸಿಲಿಂಡರುಗಳಲ್ಲಿ ಹಿಡಿದಿಟ್ಟರು. ಲಂಡನ್ನಿನ ವಾನ್ ವಿಲಿಯಮ್ಸ್ ಸ್ಮಾರಕ ಗ್ರಂಥಾಲಯದ ಜಾಲತಾಣದಲ್ಲಿ ಆ ಸಂಗ್ರಹ ಉಚಿತವಾಗಿ ಸಿಗುತ್ತದೆ. ಕರಕರ ಸದ್ದಿನ ಹಿಂದೆ ಒಡೆದ, ಒಣಗಿದ, ಉಸಿರು ಸಾಲದ ಗಂಟಲುಗಳು. ಇಂಪಾದ ದನಿಯವರು ಹಾಡುವ ಈಗಿನ ಧ್ವನಿಮುದ್ರಿಕೆಗಳಿಗಿಂತ ಮೊದಲು ಇವನ್ನು ಕೇಳಿ ಎಂದು ನಾನು ಒತ್ತಿ ಹೇಳುತ್ತೇನೆ. ಈ ಹಾಡುಗಳ ನಿಜವಾದ ಒಡೆಯರ ದನಿ ಹೀಗಿತ್ತು ಎಂದು ಕಿವಿಗೆ ಗೊತ್ತಾದರೆ, “ನನ್ನ ದನಿ ಚೆನ್ನಾಗಿಲ್ಲ” ಎಂಬ ಮಾತಿನ ಬಿಗಿ ಅರ್ಧ ಸಡಿಲವಾಗುತ್ತದೆ. ಇಂಗ್ಲೆಂಡಿನ ಜನಪದ ಹಾಡುಗಳ ಸಂಗ್ರಾಹಕ ಸೆಸಿಲ್ ಶಾರ್ಪ್ 1914ರಲ್ಲಿ ಪ್ರಕಟಿಸಿದ ಶಾಂಟಿ ಸಂಗ್ರಹದ ಬಹುಪಾಲು ಹಾಡುಗಳನ್ನು ಹಾಡಿಕೊಟ್ಟವರು ಸಾಮರ್ಸೆಟ್‌ನ ವಾಚೆಟ್ ಎಂಬ ಪುಟ್ಟ ಬಂದರಿನ ಜಾನ್ ಶಾರ್ಟ್. ಅವರು ಹುಟ್ಟಿದ್ದು 1839ರಲ್ಲಿ. ಎಣಿಸಿ ನೋಡಿ, ಅವರಿಗೆ ಆಗ ಎಪ್ಪತ್ತು ದಾಟಿತ್ತು.

ಮೂರನೆಯದು: ಕೈಗೆ ಕೆಲಸ ಕೊಡಿ

ನಾಚಿಕೆ ಮೊದಲು ಕಾಣಿಸಿಕೊಳ್ಳುವುದು ಕೈಯಲ್ಲಿ. ಎಲ್ಲಿಡಬೇಕೆಂದು ತಿಳಿಯದ ಕೈ ಸೆರಗನ್ನೋ ಮೊಬೈಲನ್ನೋ ಹಿಡಿಯುತ್ತದೆ, ಭುಜ ಬಿಗಿಯುತ್ತದೆ, ಗಂಟಲು ಮುಚ್ಚುತ್ತದೆ. ಶಾಂಟಿ ಹುಟ್ಟಿದ್ದೇ ಕೈಕೆಲಸದಲ್ಲಿ. ಆದ್ದರಿಂದ ಕಲಿಯುವುದೂ ಕೈಯಿಂದಲೇ ಆಗಲಿ.

ನನಗೆ ಇದು ಹೊಳೆದದ್ದು ರಜೆಗೆ ಊರಿಗೆ ಹೋದಾಗ, ಬಾವಿಕಟ್ಟೆಯಲ್ಲಿ. ರಾಟೆಯ ಮೇಲಿನ ಹಗ್ಗವನ್ನು ಬಲಗೈಯಿಂದ ಎಳೆದು ಎದೆಯ ತನಕ ತಂದು, ಎಡಗೈಯಿಂದ ಮೇಲೆ ಹಿಡಿದು ಮತ್ತೆ ಎಳೆಯಬೇಕು. ಎರಡು ಎಳೆತದ ನಡುವೆ ಒಂದು ಚಿಕ್ಕ ಬಿಡುವು ಇದೆ. ರಾಟೆ ಕಿರ್ ಎಂದು ನಿಂತು, ಕೊಡ ತೂಗುವ ಹೊತ್ತು. ಹಾಯಿ ಏರಿಸುವ ಹಾಡಿನಲ್ಲಿ, ಅಂದರೆ ಹಾಲ್ಯರ್ಡ್ ಶಾಂಟಿಯಲ್ಲಿ, ಸಾಮಾನ್ಯವಾಗಿ ಒಂದು ಸೊಲ್ಲಿಗೆ ಎರಡು ಎಳೆತ. ‘ಬ್ಲೋ ದ ಮ್ಯಾನ್ ಡೌನ್’ ಆ ಬಗೆಯದು. ನಾನು ಅದರ ಸೊಲ್ಲನ್ನು ಗುನುಗುತ್ತಾ ನೀರು ಸೇದಿದೆ. ಮುಂದಾಳಿನ ಸಾಲು ಮನಸ್ಸಿನೊಳಗೆ ಹೋಗುವಾಗ ಕೈ ಹಿಡಿತ ಬದಲಿಸುತ್ತಿತ್ತು, ಸೊಲ್ಲು ಬಂದಾಗ ಎಳೆಯುತ್ತಿತ್ತು. ನಾಲ್ಕನೆಯ ಕೊಡಕ್ಕೆ ಗುನುಗು ಹಾಡಾಗಿತ್ತು. ಪಕ್ಕದ ಮನೆಯ ಚಿಕ್ಕಮ್ಮ ಬೇಲಿಯ ಆಚೆಯಿಂದ, “ಏನು ಮಗಾ ಅದು, ಒಳ್ಳೆ ಎಳೆಯುವ ಹಾಡು” ಎಂದರು. ಅವರಿಗೆ ಒಂದು ಪದವೂ ಅರ್ಥವಾಗಿರಲಿಲ್ಲ. ಹಾಡಿನ ಕೆಲಸ ಅರ್ಥವಾಗಿತ್ತು.

ಬಾವಿ ಇಲ್ಲದವರು ಕಿಟಕಿಯ ಸರಳಿಗೋ ಮಂಚದ ಕಾಲಿಗೋ ಒಂದು ದಪ್ಪ ಹಗ್ಗ ಕಟ್ಟಿಕೊಳ್ಳಿ. ಬಟ್ಟೆ ಒಗೆಯುವುದು, ನೆಲ ಒರೆಸುವುದು, ಹಿಟ್ಟು ನಾದುವುದು ಎಲ್ಲವೂ ಆದೀತು. ಕೆಲಸಕ್ಕೆ ಹಾಡು ಹೊಂದಬೇಕು, ಅಷ್ಟೇ. ಒಂದೇ ಜಗ್ಗಿನ ಕೆಲಸಕ್ಕೆ ‘ಹಾಲ್ ಅವೇ ಜೋ’ ಇದೆ. ಎಳೆತ ಬೀಳುವುದು ಸಾಲಿನ ಕೊನೆಯ ಪದದ ಮೇಲೆ. ಲಂಗರು ಎತ್ತಲು ಕ್ಯಾಪ್‌ಸ್ಟನ್ ಎಂಬ ದೊಡ್ಡ ನಿಂತ ರಾಟೆಯ ಸುತ್ತ ಗಾಣದೆತ್ತಿನಂತೆ ಸುತ್ತಬೇಕಿತ್ತು; ಆ ಹಾಡುಗಳಲ್ಲಿ ತುಂಡು ಎಳೆತವಿಲ್ಲ, ನಡಿಗೆಯ ಲಯವಿದೆ. ‘ಸೌತ್ ಆಸ್ಟ್ರೇಲಿಯಾ’ ಹಾಡುತ್ತಾ ತಾರಸಿಯ ಮೇಲೆ ನಡೆದು ನೋಡಿ.

ನಾಲ್ಕನೆಯದು: ಶ್ರುತಿ ನಿಮ್ಮದೇ ಇರಲಿ

ಧ್ವನಿಮುದ್ರಿಕೆಯ ಶ್ರುತಿಯಲ್ಲಿ ಹಾಡಲು ಹೋಗಿ ಗಂಟಲು ಕಟ್ಟಿಸಿಕೊಂಡು, “ನನಗೆ ಬರುವುದಿಲ್ಲ” ಎಂದು ಬಿಟ್ಟವರು ಬಹಳ. ವಾದ್ಯವಿಲ್ಲದ ಹಾಡಿಗೆ ನಿಗದಿಯಾದ ಶ್ರುತಿಯೇ ಇಲ್ಲ. ಬೆಳಿಗ್ಗೆ ಎದ್ದು ಯಾರನ್ನಾದರೂ ಕರೆಯುವಾಗ ದನಿ ಎಲ್ಲಿರುತ್ತದೋ ಅಲ್ಲಿಂದ ಸೊಲ್ಲನ್ನು ಶುರು ಮಾಡಿ. ಅತ್ಯಂತ ಎತ್ತರದ ಸ್ವರ ಮುಟ್ಟುವಾಗ ಗದ್ದ ಮೇಲೇಳುತ್ತಿದ್ದರೆ ಶ್ರುತಿ ಹೆಚ್ಚಾಯಿತು ಎಂದರ್ಥ, ಇಳಿಸಿಕೊಳ್ಳಿ.

ಸಂಗೀತ ಕಲಿತವರಿಗೆ ಒಂದು ಸುಳಿವು. ಎಲ್ಲರಿಗೂ ಗೊತ್ತಿರುವ ‘ಡ್ರಂಕನ್ ಸೇಲರ್’ ಹಾಡಿನ ಧಾಟಿ ಪಾಶ್ಚಾತ್ಯರು ಡೋರಿಯನ್ ಎನ್ನುವ ಸ್ವರಶ್ರೇಣಿಯಲ್ಲಿದೆ. ಅದು ನಮ್ಮ ಖರಹರಪ್ರಿಯದ ಸ್ವರಗಳೇ. ಗಮಕ ಬೇಡ, ಸ್ವರವನ್ನು ನೇರವಾಗಿ ನಿಲ್ಲಿಸಿ. ನಮ್ಮ ಕಿವಿಗೆ ಅದು ಮೊದಲು ಬೋಳೆನಿಸಬಹುದು. ಮೂವತ್ತು ಜನ ಸೇರಿದಾಗ ಆ ಬೋಳು ದನಿಗಳು ಒಂದರ ಮೇಲೊಂದು ಕೂತು ತುಂಬಿಕೊಳ್ಳುತ್ತವೆ.

ಎದೆ ಹೊಡೆದುಕೊಳ್ಳುತ್ತಿದ್ದರೆ ಉಸಿರನ್ನು ಒಳಗೆ ಎಳೆದುಕೊಳ್ಳುವುದಕ್ಕಿಂತ ಹೊರಗೆ ಬಿಡುವುದರ ಕಡೆ ಗಮನ ಕೊಡಿ. ತುಟಿ ಮುಚ್ಚಿ ‘ಮ್’ ಎಂದು ಉದ್ದಕ್ಕೆ ಗುನುಗಿದರೆ ಉಸಿರು ತಾನಾಗಿ ನಿಧಾನವಾಗುತ್ತದೆ. ಬಸ್ಸಿನಲ್ಲೂ ಮಾಡಬಹುದು, ಇಂಜಿನ್ನಿನ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ.

ಐದನೆಯದು: ಗುಂಪಿಗೆ ಹೋಗಿ, ಬಾಗಿಲ ಪಕ್ಕ ಕೂತುಕೊಳ್ಳಿ

ಬ್ರಿಟನ್, ಐರ್ಲೆಂಡ್, ಅಮೆರಿಕ, ಆಸ್ಟ್ರೇಲಿಯಾದ ಬಂದರು ಊರುಗಳಲ್ಲಿರುವ ಕನ್ನಡಿಗರಿಗೆ ಇದು ಸುಲಭ. ವಾರಕ್ಕೋ ತಿಂಗಳಿಗೋ ಒಮ್ಮೆ ಸೇರುವ ಕೂಟಗಳಿಗೆ ‘ಸಿಂಗರೌಂಡ್’ ಅಥವಾ ‘ಶಾಂಟಿ ಸೆಷನ್’ ಎಂಬ ಹೆಸರಿರುತ್ತದೆ. ಕಾರ್ನ್‌ವಾಲಿನ ಫಾಲ್ಮತ್‌ನಲ್ಲಿ ಬೇಸಿಗೆಯ ಮೊದಲಿಗೆ ದೊಡ್ಡ ಶಾಂಟಿ ಉತ್ಸವ ನಡೆಯುತ್ತದೆ, ಫ್ರಾನ್ಸಿನ ಬ್ರಿಟನಿಯ ಪಾಂಪೊಲ್‌ನಲ್ಲೂ ನಾವಿಕರ ಹಾಡಿನ ಉತ್ಸವವಿದೆ. ಆದರೆ ನಾಚಿಕೆಯವರು ಉತ್ಸವದಿಂದ ಶುರು ಮಾಡುವುದು ಬೇಡ ಎಂಬುದು ನನ್ನ ಅಭಿಪ್ರಾಯ. ಅಲ್ಲಿ ವೇದಿಕೆಯಿದೆ, ನೀವು ಮತ್ತೆ ಪ್ರೇಕ್ಷಕರಾಗುತ್ತೀರಿ. ಸಣ್ಣ ಕೋಣೆ, ವೃತ್ತಾಕಾರದ ಕುರ್ಚಿಗಳು, ಅದೇ ಒಳ್ಳೆಯದು.

ಮದ್ಯ ಮುಟ್ಟದವರು ಪಬ್ ಎಂದು ಹಿಂಜರಿಯಬೇಕಿಲ್ಲ. ನಾನು ಇಂದಿಗೂ ನಿಂಬೆ ಪಾನಕ ಹಿಡಿದೇ ಕೂರುತ್ತೇನೆ, ಯಾರೂ ಒಂದು ಮಾತು ಕೇಳಿದ್ದಿಲ್ಲ. ಶುರುವಾಗುವುದಕ್ಕೆ ಹತ್ತು ನಿಮಿಷ ಮುಂಚೆ ಹೋಗಿ. ತುಂಬಿದ ಕೋಣೆಯೊಳಗೆ ಕಾಲಿಡುವುದಕ್ಕಿಂತ ಖಾಲಿ ಕೋಣೆಯಲ್ಲಿ ಕೂತಿದ್ದು ಜನ ಬರುವುದನ್ನು ನೋಡುವುದು ಹಗುರ. ಬಾಗಿಲ ಪಕ್ಕದ ಕುರ್ಚಿ ಹಿಡಿಯಿರಿ. ಬೇಕಾದಾಗ ಎದ್ದು ಹೋಗಬಹುದು ಎಂಬ ಅರಿವೇ ಕೂರಲು ಬಲ ಕೊಡುತ್ತದೆ. ಆದರೆ ಪಕ್ಕದಲ್ಲಿ ದೊಡ್ಡ ಗಂಟಲಿನವರು ಇರಲಿ. ಅವರ ದನಿಯ ನೆರಳಿನಲ್ಲಿ ನಿಮ್ಮದು ನಡೆಯುತ್ತದೆ. ನನ್ನ ಪಕ್ಕ ಕೂರುತ್ತಿದ್ದವರು ನಿವೃತ್ತ ಬಡಗಿ. ಸೊಲ್ಲು ಬರುವ ಮುನ್ನ ಅವರ ಮುಷ್ಟಿ ಮೇಜಿನಿಂದ ಎರಡಂಗುಲ ಮೇಲೇಳುತ್ತಿತ್ತು. ನಾನು ಹಾಡುವವರ ಮುಖ ನೋಡುತ್ತಿರಲಿಲ್ಲ, ಆ ಮುಷ್ಟಿಯನ್ನು ನೋಡುತ್ತಿದ್ದೆ. ಅದು ಎದ್ದಾಗ ಉಸಿರು ತೆಗೆದುಕೊಂಡರೆ, ಬಿದ್ದಾಗ ಸೊಲ್ಲು ತಾನಾಗಿ ಬರುತ್ತಿತ್ತು.

ವೃತ್ತದಲ್ಲಿ ಸರದಿ ನಿಮ್ಮ ಹತ್ತಿರ ಬಂದರೆ, “ಇವತ್ತು ಕೇಳುತ್ತೇನೆ” ಎಂದರೆ ಸಾಕು. ಕಾರಣ ಕೊಡಬೇಡಿ, ಕ್ಷಮೆ ಕೇಳಬೇಡಿ. ನಾನು ಹೀಗೆ ಏಳು ವಾರ ಹೇಳಿದೆ.

ಊರಿನಲ್ಲೇ ಇರುವವರಿಗೆ ಇಂಥ ಕೂಟ ಹತ್ತಿರದಲ್ಲಿ ಇಲ್ಲದಿದ್ದರೆ ನಾಲ್ಕು ಜನ ಸಾಕು. ಒಬ್ಬರು ಸಾಲು ಹೇಳಿದರೆ ಮೂವರು ಸೊಲ್ಲು ಹಿಡಿಯುತ್ತಾರೆ. ಮೊಬೈಲ್‌ನಲ್ಲಿ ಹಾಡು ಹಾಕಿ ಎಲ್ಲರೂ ಸೊಲ್ಲಿಗೆ ಸೇರಿಕೊಂಡರೂ ಆಯಿತು; ಆಗ ಮುಂದಾಳಿನ ಕೆಲಸ ಮೊಬೈಲಿನದು.

ಉಚ್ಚಾರಣೆ ಮತ್ತು ಪದಗಳ ಬಗ್ಗೆ

“ನನ್ನ ಇಂಗ್ಲಿಷ್ ಉಚ್ಚಾರಣೆ ಅವರಂತಿಲ್ಲ” ಎಂಬ ಹಿಂಜರಿಕೆ ನಮ್ಮವರಲ್ಲಿ ಬಲವಾಗಿದೆ. ನನ್ನಲ್ಲೂ ಇತ್ತು. ಈ ಹಾಡುಗಳ ಚರಿತ್ರೆ ಓದಿದ ಮೇಲೆ ಅದು ಹೋಯಿತು. ಐರಿಷರು, ನಾರ್ವೆಯವರು, ಕೆರಿಬಿಯನ್ ದ್ವೀಪದವರು, ಅಮೆರಿಕದ ಕಪ್ಪು ಜನ ಒಂದೇ ಹಗ್ಗ ಹಿಡಿದ ಕಡೆ ಇವು ಬೆಳೆದವು. ಮೊಬೀಲ್, ನ್ಯೂ ಆರ್ಲಿಯನ್ಸ್ ಬಂದರುಗಳಲ್ಲಿ ಹತ್ತಿಯ ಅಂಡಿಗೆಗಳನ್ನು ಹಡಗಿನ ಹೊಟ್ಟೆಗೆ ತುರುಕುತ್ತಿದ್ದ ಕಪ್ಪು ಕೂಲಿಕಾರರ ಹಾಡುಗಳಿಂದ ನಾವಿಕರು ಧಾರಾಳವಾಗಿ ಪಡೆದರು. ಇದಕ್ಕೆ ಒಂದು ಸರಿಯಾದ ಉಚ್ಚಾರಣೆ ಎಂದೂ ಇರಲಿಲ್ಲ. ಕುಂದಾಪುರದ ನಾಲಿಗೆಗೂ ಜಾಗವಿದೆ.

ನನ್ನ ಮನಸ್ಸಿಗೆ ಅತಿ ಹತ್ತಿರವಾದವರು ಉತ್ತರ ಕೆರೊಲಿನಾ ಕರಾವಳಿಯ ಕಪ್ಪು ಮೀನುಗಾರರು. ಬೂತಾಯಿಯ ದೂರದ ಬಂಧುವಾದ ಮೆನ್‌ಹೇಡನ್ ಎಂಬ ಮೀನಿನ ತುಂಬಿದ ಬಲೆಯನ್ನು ಅವರು ಹಾಡಿನ ಬಲದಿಂದ ಕೈಯಲ್ಲೇ ಎತ್ತುತ್ತಿದ್ದರು. 1950ರ ದಶಕದಲ್ಲಿ ಬಲೆ ಎತ್ತುವ ಯಂತ್ರ ಬಂದ ಮೇಲೆ ದೋಣಿಯಲ್ಲಿ ಹಾಡು ನಿಂತಿತು; ನಿವೃತ್ತರಾದ ಕೆಲವರು ಮತ್ತೆ ಸೇರಿ ಹಾಡತೊಡಗಿದ್ದರಿಂದ ಅದು ಉಳಿಯಿತು. ನಮ್ಮ ಕರಾವಳಿಯಲ್ಲಿ ರಂಪಣಿ ಬಲೆಯನ್ನು ಊರಿನವರೆಲ್ಲ ದಡದಲ್ಲಿ ನಿಂತು ಎಳೆಯುತ್ತಿದ್ದದ್ದನ್ನೂ, 1970ರ ದಶಕದ ಕೊನೆಯಲ್ಲಿ ಮೀನಿನ ಹಿಂಡನ್ನು ಕಡಲಲ್ಲೇ ಸುತ್ತುವರಿದು ಹಿಡಿಯುವ ಪರ್ಸೀನ್ ಯಂತ್ರದೋಣಿಗಳು ಬಂದು ರಂಪಣಿ ಹಿಂದೆ ಸರಿದದ್ದನ್ನೂ ಬಲ್ಲವರಿಗೆ ಈ ಕಥೆ ಬೇರೆ ಊರಿನದೆನಿಸುವುದಿಲ್ಲ. ‘ಐಲೇಸಾ’ ಎಂದು ಕೂಗಿ ಹಗ್ಗ ಜಗ್ಗಿದ ಯಾರಿಗೂ ಸೊಲ್ಲಿನ ಮೇಲೆ ಬಲ ಹಾಕುವುದನ್ನು ಕಲಿಸಬೇಕಿಲ್ಲ.

ಪದಗಳಲ್ಲಿ ಒಂದು ಎಚ್ಚರ ಬೇಕು. ಹಳೆಯ ಹಾಡುಗಳಲ್ಲಿ ಜನಾಂಗವನ್ನು ಹೀಯಾಳಿಸುವ, ಹೆಣ್ಣನ್ನು ಹಗುರಾಗಿಸುವ ಸಾಲುಗಳಿವೆ. ಅವನ್ನು ಹಾಡಲೇಬೇಕಿಲ್ಲ. ಮುಂದಾಳು ಸಾಲುಗಳನ್ನು ಅಲ್ಲಲ್ಲೇ ಕಟ್ಟುತ್ತಿದ್ದ, ಬಿಡುತ್ತಿದ್ದ, ಕೆಲಸ ಮುಗಿಯುವ ತನಕ ಎಳೆಯುತ್ತಿದ್ದ. ಬಿಡುವುದು ಈ ಪರಂಪರೆಯ ಒಳಗಿನ ಹಕ್ಕೇ. ಸ್ಟ್ಯಾನ್ ಹ್ಯೂಗಿಲ್ ಅವರ 1961ರ ದೊಡ್ಡ ಸಂಗ್ರಹ ಗ್ರಂಥಾಲಯದಲ್ಲಿ ಸಿಕ್ಕರೆ ಒಂದೇ ಹಾಡಿನ ಹಲವು ರೂಪಗಳನ್ನು ನೋಡಬಹುದು. ಅವರು ಬ್ರಿಟನ್ನಿನ ಕೊನೆಯ ದೊಡ್ಡ ಹಾಯಿ ಹಡಗುಗಳಲ್ಲೊಂದಾದ ಗಾರ್ತ್‌ಪೂಲ್‌ನಲ್ಲಿ ದುಡಿದವರು. 1929ರಲ್ಲಿ ಅದು ಕೇಪ್ ವರ್ಡ್ ಬಳಿ ಒಡೆದಾಗ ಹಡಗಿನಲ್ಲಿದ್ದರು.

ಆರನೆಯದು: ಒಂದು ಸಲ ಮುಂದಾಳಾಗಿ

ಅವಸರ ಬೇಡ. ಸೊಲ್ಲಿನಲ್ಲೇ ಸುಖವಾಗಿರುವವರು ಅಲ್ಲೇ ಇರಲಿ. ಸೊಲ್ಲಿಲ್ಲದೆ ಹಾಯಿ ಏರುವುದಿಲ್ಲ. ಆದರೆ ಒಂದು ರಾತ್ರಿ ಮನೆಗೆ ಹೋಗುವಾಗ, ಹಾಡಬಹುದಿತ್ತು ಎಂದು ಅನ್ನಿಸಿದರೆ ಆ ಅನ್ನಿಸಿಕೆಯನ್ನು ಬಿಡಬೇಡಿ.

ಕೋಣೆಗೆ ಚೆನ್ನಾಗಿ ಗೊತ್ತಿರುವ ಹಾಡನ್ನೇ ಆರಿಸಿ. ಅಪರೂಪದ ಹಾಡು ತಂದರೆ ಸೊಲ್ಲು ತೆಳುವಾಗುತ್ತದೆ, ನೀವು ಒಂಟಿಯಾಗುತ್ತೀರಿ. ನಾನು ಆರಿಸಿದ್ದು ‘ಲೀವ್ ಹರ್ ಜಾನಿ’. ಯಾನದ ಕೊನೆಯಲ್ಲಿ, ಬಂದರಿನಲ್ಲಿ ಹಡಗಿನ ನೀರನ್ನು ಕೊನೆಯ ಸಲ ಪಂಪು ಹೊಡೆದು ಹೊರಹಾಕುವಾಗ ಹಾಡುತ್ತಿದ್ದ ಹಾಡು ಅದು. ಕೆಟ್ಟ ಊಟ, ಕೆಟ್ಟ ಹವೆ, ಕೆಟ್ಟ ಯಜಮಾನ, ತಿಂಗಳುಗಟ್ಟಲೆ ನುಂಗಿಕೊಂಡದ್ದನ್ನೆಲ್ಲ ನಾವಿಕರು ಆಗ ಬಾಯಿಬಿಟ್ಟು ಹೇಳುತ್ತಿದ್ದರು. ನಿಧಾನದ ಹಾಡು, ಯೋಚಿಸಲು ಹೊತ್ತು ಸಿಗುತ್ತದೆ.

ನಾಲ್ಕು ಚರಣ ಸಾಕು. ಪ್ರತಿ ಚರಣದ ಮೊದಲ ಪದವನ್ನು ಮಾತ್ರ ಅಂಗೈಯಗಲದ ಚೀಟಿಯಲ್ಲಿ ಕನ್ನಡ ಲಿಪಿಯಲ್ಲೇ ಬರೆದುಕೊಳ್ಳಿ. ಪೂರ್ತಿ ಬರೆದುಕೊಂಡರೆ ಕಣ್ಣು ಚೀಟಿಯಲ್ಲೇ ಉಳಿಯುತ್ತದೆ, ದನಿ ನೆಲಕ್ಕೆ ಬೀಳುತ್ತದೆ. ಶುರು ಮಾಡುವ ಮುನ್ನ ಮೊದಲು ಸೊಲ್ಲನ್ನು ಮನಸ್ಸಿನಲ್ಲಿ ಹಾಡಿಕೊಳ್ಳಿ, ನಿಮ್ಮ ಸಾಲನ್ನಲ್ಲ. ಕೋಣೆ ಹಾಡಬೇಕಾದ ಶ್ರುತಿ ಅಲ್ಲಿ ಸಿಗುತ್ತದೆ. ನಿಂತುಕೊಳ್ಳಬೇಕಿಲ್ಲ. ಪೀಠಿಕೆ ಬೇಡ. “ನನಗೆ ಅಷ್ಟು ಚೆನ್ನಾಗಿ ಬರುವುದಿಲ್ಲ” ಎಂಬ ಮಾತನ್ನಂತೂ ಖಂಡಿತ ಹೇಳಬೇಡಿ. ಕೇಳುವವರ ಕಿವಿಯನ್ನು ನಾವೇ ತಪ್ಪು ಹುಡುಕಲು ಕಳುಹಿಸಿದಂತಾಗುತ್ತದೆ.

ಎಂಟನೆಯ ಮಂಗಳವಾರ ಸರದಿ ಬಂದಾಗ ನಾನು ಕಣ್ಣು ಮುಚ್ಚಿ ಮೊದಲ ಸಾಲು ಹಾಡಿದೆ. ದನಿ ನಡುಗಿತು. ಸೊಲ್ಲು ಬಂತು. ಎರಡನೆಯ ಚರಣಕ್ಕೆ ನಡುಕ ಕಡಿಮೆಯಾಯಿತು. ಮೂರನೆಯ ಚರಣದಲ್ಲಿ ಎರಡನೆಯ ಸಾಲು ಪೂರ್ತಿ ಮರೆತುಹೋಯಿತು, ಚೀಟಿಯಲ್ಲೂ ಇಲ್ಲ. ಬಾಯಿ ತೆರೆದೇ ಇತ್ತು, ಪದವಿಲ್ಲ. ಆಗ ಪಕ್ಕದ ಬಡಗಿಯ ಮುಷ್ಟಿ ಮೇಲೇಳುವುದು ಕಾಣಿಸಿತು. ಯಾರೂ ಕಾಯಲಿಲ್ಲ, ಯಾರೂ ತಿರುಗಿ ನೋಡಲಿಲ್ಲ. ಸಾಲು ಬರಬೇಕಾಗಿದ್ದ ಜಾಗದಲ್ಲಿ ಒಂದು ಉಸಿರಿನಷ್ಟು ಖಾಲಿ ಬಿಟ್ಟು, ಮೂವತ್ತು ಜನ ತಮ್ಮ ಸೊಲ್ಲನ್ನು ತಾವು ಹಾಡಿದರು. ಅದು ಮುಗಿಯುವ ಹೊತ್ತಿಗೆ ನಾಲ್ಕನೆಯ ಚರಣ ನನ್ನ ನಾಲಿಗೆಯ ಮೇಲಿತ್ತು.

ಹಾಡು ಮುಗಿದ ಮೇಲೆ ಬಡಗಿ ನನ್ನ ಕಡೆ ತಿರುಗಿ, ಮುಂದಿನ ವಾರ ಯಾವುದು ಎಂದು ಕೇಳಿದರು. ಹೊರಗೆ ಬಂದಾಗ ಬಂದರಿನಲ್ಲಿ ಮಳೆ ಹನಿಯುತ್ತಿತ್ತು. ಬಸ್ ನಿಲ್ದಾಣದವರೆಗಿನ ಏರುದಾರಿಯಲ್ಲಿ ‘ಸೌತ್ ಆಸ್ಟ್ರೇಲಿಯಾ’ದ ನಾಲ್ಕು ಚರಣಗಳ ಮೊದಲ ಪದಗಳನ್ನು ಎಣಿಸುತ್ತಾ ನಡೆದೆ. ಮೂರು ನೆನಪಿತ್ತು.